ಎಡೆ ತೋರಿಸುವ ಮೊದಲು

ಮೂವತ್ತು ವರ್ಷ ಕುಡುಕ ಗಂಡನನ್ನು ತಾಳಿಕೊಂಡಿದ್ದ ಇಂದ್ರಾಬಾಯಿಗೆ ಈಗ ಕುಡಿಯದ ಗಂಡನನ್ನು ತಾಳಿಕೊಳ್ಳುವುದು ಆಗುತ್ತಿರಲಿಲ್ಲ.

ಕುಡಿಯುತ್ತಿದ್ದಾಗ ಕುರ್ಲಾ ಸ್ಟೇಶನ್ನಿನ ಬ್ರಿಡ್ಜಿನ ಕೆಳಗೆ ಬಿದ್ದವನನ್ನು ರಿಕ್ಷಾದಲ್ಲಿ ಹಾಕಿಕೊಂಡು ಬಂದಿದ್ದಳು. ವಾಂತಿ ಬಳಿದಿದ್ದಳು, ಪೆಟ್ಟೂ ತಿಂದಿದ್ದಳು. ಆಗ ಚಾಳಿನಲ್ಲಿ ಯಾರೂ ಒಂದು ಮಾತಾಡಲಿಲ್ಲ. ಯಾವ ಖೋಲಿಯಲ್ಲಿ ಕುಡಿಯುವವರಿಲ್ಲ? ಈಗ ಎರಡು ವರ್ಷದಿಂದ ಖಂಡಪ್ಪ ಒಂದು ಹನಿ ಮುಟ್ಟಿಲ್ಲ. ಪಗಾರ ಪೂರ್ತಿ ತಂದು ಅವಳ ಕೈಗಿಡುತ್ತಾನೆ. ಬೆಳಗಿನ ಐದಕ್ಕೆ ನಳ ಬಂದರೆ ತಾನೇ ಎದ್ದು ಡ್ರಮ್ಮು ತುಂಬುತ್ತಾನೆ. ಆದರೆ ಚಾಳಿನ ಹೆಂಗಸರು ಈಗ ಇಂದ್ರಾಬಾಯಿಯನ್ನು ಕಂಡರೆ ಆಡುತ್ತಿದ್ದ ಮಾತು ನಿಲ್ಲಿಸುತ್ತಾರೆ.

ಖಂಡಪ್ಪ ಏಸುಸ್ವಾಮಿಯವನಾಗಿದ್ದ.

ಮೈಯಲ್ಲಿ ಕಸುವು ಕಮ್ಮಿಯಾಗಿ ಗೌಂಡಿ ಕೆಲಸ ಬಿಟ್ಟು ಚೆಂಬೂರಿನ ಒಂದು ಹೊಸ ಬಿಲ್ಡಿಂಗ್ ಸೈಟಿನಲ್ಲಿ ವಾಚಮನ್ ಆಗಿ ಸೇರಿದ್ದ. ಅಲ್ಲಿ ಟೈಲ್ಸ್ ಕೂರಿಸುವ ದೂಜ ಎಂಬ ಮಂಗಳೂರು ಕಡೆಯವನು ಇವನನ್ನು ಒಂದು ಭಾನುವಾರ ಶಾಲೆಯ ಕೋಣೆಯಲ್ಲಿ ನಡೆಯುವ ಕನ್ನಡ ಪ್ರಾರ್ಥನೆಗೆ ಕರೆದುಕೊಂಡು ಹೋದ. ಖಂಡಪ್ಪ ಕುಡಿದೇ ಹೋಗಿದ್ದ. ಹಿಂದಿನ ಬೆಂಚಿನ ಮೇಲೆ ಮಲಗಿಬಿಟ್ಟ. ಯಾರೂ ಎಬ್ಬಿಸಿ ಹೊರಗೆ ಹಾಕಲಿಲ್ಲ, ಎದ್ದ ಮೇಲೆ ಚಹಾ ಕೊಟ್ಟರು. ಮುಂದಿನ ಭಾನುವಾರ ಯಾರೂ ಕರೆಯದೆ ತಾನೇ ಹೋದ. ಹೋಗುತ್ತ ಹೋಗುತ್ತ ಕುಡಿತ ಬಿಟ್ಟಿತು. ಅಲ್ಲಿಯವರೆಗೆ ಇಂದ್ರಾಬಾಯಿಗೆ ಖುಷಿಯೇ. ಈ ವರ್ಷದ ಮಳೆಗಾಲದಲ್ಲಿ ಒಂದು ದಿನ ಮಾತ್ರ ಒದ್ದೆ ತಲೆಯಲ್ಲೇ ಮನೆಗೆ ಬಂದು, ಎಲ್ಲರೂ ಊಟಕ್ಕೆ ಕೂತಾಗ ಹೇಳಿಬಿಟ್ಟ.

"ನಾ ಇವತ್ತ ದೀಕ್ಷಾಸ್ನಾನ ತಗೊಂಡು ಬಂದೀನಿ. ಇನ್ನ ಮ್ಯಾಲ ನಾ ಏಸುಸ್ವಾಮಿಯಂವ. ಕದ್ದು ಮುಚ್ಚಿ ಇರೂದು ನನಗ ಬ್ಯಾಡ, ಅದಕ ಹೇಳಾಕತ್ತೀನಿ."

ಹಿರಿಯ ಮಗ ಈಶ್ವರ ಪೇಂಟಿಂಗ್ ಕೆಲಸ ಹಿಡಿದು ಮಾಡಿಸುವವನು, ಮನೆ ನಡೆಯುವುದು ಹೆಚ್ಚು ಅವನಿಂದ. ಅವನು ಕೈಯಲ್ಲಿದ್ದ ರೊಟ್ಟಿ ತಾಟಿಗೆ ಒಗೆದ.

"ಎಷ್ಟ ಕೊಟ್ರು?"

"ಏನ ಕೊಡತಾರ? ನಾನ ಅಲ್ಲಿ ಕಾಣಿಕಿ ತಾಟಿಗೆ ಹತ್ತ ರೂಪಾಯಿ ಹಾಕಿ ಬರತೀನಿ."

"ನಿನ್ನ ಹೆಸರ ದೇವರ ಹೆಸರೈತಿ. ಖಂಡೋಬಾನ ಹೆಸರು. ಅದನ್ನೂ ಬದಲಿ ಮಾಡ್ತಿಯೇನು?"

"ಹೆಸರು ನಮ್ಮವ್ವ ಇಟ್ಟದ್ದು. ಅದು ಇರಲಿ," ಎಂದು ಖಂಡಪ್ಪ ಬೇಳೆಗೆ ಕೈ ಹಾಕಿದ.

ಕಿರಿಯವ ಅನಿಲ ಇಪ್ಪತ್ತೈದರ ಹುಡುಗ, ಬಾಂದ್ರಾದ ಒಂದು ಆಫೀಸಿನಲ್ಲಿ ಕೆಲಸ. ಕನ್ನಡ ಅವನ ನಾಲಿಗೆಗೆ ಅರ್ಧ ಬರುತ್ತದೆ. "ಛೋಡೋ ನಾ ಈಶಣ್ಣಾ, ದಾರೂ ತೋ ಬಿಟ್ಟಾನ ನಾ," ಎಂದ. ಆಗ ಅವನ ಮದುವೆಯ ಮಾತು ಇನ್ನೂ ಹುಟ್ಟಿರಲಿಲ್ಲ. ಅದಕ್ಕೇ ಅಷ್ಟು ಸುಲಭವಾಗಿ ಅಂದ.

ಅಂದಿನಿಂದ ಜಗಳ ಊಟದ ತಾಟಿಗೆ ಬಂತು. ಭಾನುವಾರ ಖಂಡೋಬಾನ ವಾರ. ಇಂದ್ರಾಬಾಯಿ ಬೆಳಗ್ಗೆ ಬಿಲ್ಡಿಂಗಿನ ನಾಲ್ಕು ಮನೆಗಳ ಪಾತ್ರೆ ತೊಳೆದು ಬಂದು, ಖೋಲಿಯ ಬಚ್ಚಲುಮೂಲೆಯ ಮೋರಿಯಲ್ಲಿ ಮಿಂದು, ಅಡಿಗೆ ಮಾಡಿ ಗೂಡಿನ ದೇವರಿಗೆ ಎಡೆ ತೋರಿಸಿದ ಮೇಲೆಯೇ ಮನೆಯವರಿಗೆ ಬಡಿಸುವುದು. ಮದುವೆಯಾದಂದಿನ ರೂಢಿ. ಖಂಡಪ್ಪ ಪ್ರಾರ್ಥನೆ ಮುಗಿಸಿ ಎರಡು ಗಂಟೆಗೆ ಬಂದು, ಕೈಕಾಲು ತೊಳೆದು ಕೂತು, ತಾಟು ಮುಟ್ಟುವ ಮೊದಲು, ಇದು ಎಡೆಯದಲ್ಲ ತಾನೆ ಎಂದು ಕೇಳುತ್ತಿದ್ದ. ಬೇರೆ ದೇವರಿಗೆ ತೋರಿಸಿದ್ದನ್ನು ಅವನು ಈಗ ಉಣ್ಣುವಂತಿರಲಿಲ್ಲ.

"ಎಡಿದಲ್ಲಲಾ?"

"ಎಡಿದ."

ಹಾಗಂದರೆ ಪಲ್ಯ, ಅನ್ನ, ಸಾರು ಎಲ್ಲ ಪಕ್ಕಕ್ಕೆ ಸರಿಸಿ, ನಿನ್ನೆಯ ರೊಟ್ಟಿಗೆ ಖಾರದಪುಡಿ ಎಣ್ಣೆ ಹಚ್ಚಿಕೊಂಡು ತಿನ್ನುತ್ತಿದ್ದ. ಬೈಯುತ್ತಿರಲಿಲ್ಲ. ಬೈದಿದ್ದರೆ ಅವಳಿಗೆ ಹಿತವಾಗುತ್ತಿತ್ತು.

"ನನಗಂತ ಒಂದ ಸೌಟು ಮೊದಲ ತಗದಿಡಬಾರದ?" ಎಂದು ಒಮ್ಮೆ ಕೇಳಿದ.

"ದೇವರು ಉಣ್ಣೂಕಿಂತ ಮೊದಲ ನಿಮಗ ತಗೀಬೇಕ? ಅಂದ್ರ ನಿಮ್ಮ ಎಂಜಲ ದೇವರಿಗೆ ತೋರಿಸಬೇಕ? ಹಂಗ ಮಾಡಿದ್ರ ನನ್ನ ಕೈ ಕುಷ್ಠ ಹತ್ತಿ ಹೋಗಲಿ."

"ಆತು, ಬಿಡು," ಎಂದ.

ದಸರೆ ಮುಗಿದ ಮೇಲೆ ಅವಳು ಒಂದು ಉಪಾಯ ಮಾಡಿದಳು. ಹಿಂದೆ ಅವನ ಕುಡಿತ ಬಿಡಿಸಲು ಕಲ್ಯಾಣದ ಯಾವನೋ ಬಾಬಾ ಕೊಟ್ಟ ಪುಡಿಯನ್ನು ಸಾರಿನಲ್ಲಿ ಕಲಸಿ ಹಾಕಿದ್ದಳು. ಕುಡಿತ ಬಿಡಲಿಲ್ಲ, ಮೂರು ದಿನ ಭೇದಿಯಾಯಿತು. ಈ ಸಲ ಬಾಬಾ ಬೇಡ, ದೇವರ ಭಂಡಾರವೇ ಸಾಕು ಎಂದುಕೊಂಡಳು. ಭಂಡಾರವೆಂದರೆ ಖಂಡೋಬಾನಿಗೆ ಏರಿಸಿದ ಅರಿಷಿಣ. ಅದು ಹೊಟ್ಟೆಗೆ ಇಳಿದರೆ ಮನಸ್ಸು ತಿರುಗದೆ ಇರುತ್ತದೆಯೇ? ಒಂದು ಭಾನುವಾರ ಕಡಲೆಹಿಟ್ಟಿನ ಝುಣಕ ಮಾಡಿ, ಎಡೆ ತೋರಿಸಿ, ಮೇಲೆ ಒಂದು ಚಿಟಿಕೆ ಭಂಡಾರ ಉದುರಿಸಿ ಕಲಸಿದಳು. ಹಳದಿಯಲ್ಲಿ ಹಳದಿ ಯಾರಿಗೆ ಕಾಣುತ್ತದೆ.

"ಎಡಿದಲ್ಲಲಾ?"

"ಅಲ್ಲ. ನಿಮಗ ಬ್ಯಾರೆ ಮಾಡೀನಿ."

ಖಂಡಪ್ಪ ಅವಳ ಮುಖ ನೋಡಿದ. ಅವನ ಕಣ್ಣು ತುಂಬಿ ಬಂದದ್ದು ಅವಳಿಗೆ ಕಂಡಿತು. ಕಣ್ಣು ಮುಚ್ಚಿ ತನ್ನ ಪ್ರಾರ್ಥನೆ ಹೇಳಿಕೊಂಡು ಮೂರು ರೊಟ್ಟಿ ಉಂಡ. "ಭಾಳ ದಿನಾ ಆಗಿತ್ತು ನಿನ್ನ ಝುಣಕ ಉಂಡು," ಎಂದ. ಹೀಗೆ ನಾಲ್ಕು ಭಾನುವಾರ ನಡೆಯಿತು. ಐದನೆಯದಕ್ಕೆ ಅತ್ತೆ ಸೊಸೆಗೆ ನೀರಿನ ಡ್ರಮ್ಮಿನ ಮೇಲೆ ಜಗಳ ಬಿತ್ತು. ಈಶ್ವರನ ಹೆಂಡತಿ ಶೈಲಾ ಬಾಯಿ ಬಿಗಿ ಹಿಡಿಯುವವಳಲ್ಲ.

"ನನಗ ಬುದ್ಧಿ ಹೇಳಬ್ಯಾಡ್ರಿ ಅತ್ತಿ. ಮಾವಗ ಭಂಡಾರ ಕಲಸಿ ಎಡಿ ಉಣಸೂದು ನಾ ನೋಡಿಲ್ಲಂತ ತಿಳದೀರಿ?"

ಖಂಡಪ್ಪ ಬಾಗಿಲಲ್ಲೇ ಚಪ್ಪಲಿ ಬಿಡುತ್ತಿದ್ದ. ಕೇಳಿಸಿತು. ಒಳಗೆ ಬಂದು ಕೂತ.

"ನಾಕೂ ವಾರ?" ಎಂದ.

ಇಂದ್ರಾಬಾಯಿ ಡ್ರಮ್ಮಿನ ಮುಚ್ಚಳ ಹಾಕಿದಳು.

"ಕುಡಿದಾಗ ನಾ ನಿನಗ ಸಾವಿರ ಸುಳ್ಳ ಹೇಳೀನಿ. ಅದಕ್ಕ ಇದು ಸರಿ ಆತು ಅಂತ ತಿಳಕೋತೀನಿ. ಆದ್ರ ಇನ್ನ ನೀ ಅಲ್ಲ ಅಂದ್ರೂ ನನಗ ಹೌದೋ ಅಲ್ಲೋ ಗೊತ್ತಾಗಂಗಿಲ್ಲ ನೋಡು."

ಅಂದಿನಿಂದ ಭಾನುವಾರವೊಂದೇ ಅಲ್ಲ, ದಿನಾ ಕೇಳತೊಡಗಿದ. ಬುಧವಾರದ ಬೇಳೆಸಾರಿಗೂ "ಎಡಿದಲ್ಲಲಾ?", ಸಂಜೆಯ ಚಹಾದ ಜೊತೆ ಕೊಟ್ಟ ಚುರಮುರಿಗೂ "ಎಡಿದಲ್ಲಲಾ?" ಆ ಒಂದು ಮಾತು ಕೇಳಿದರೆ ಇಂದ್ರಾಬಾಯಿಯ ನೆತ್ತಿ ಉರಿಯುತ್ತಿತ್ತು. "ಚುರಮುರಿ ಯಾವ ದೇವರಿಗೆ ತೋರಿಸ್ತಾರ್ರಿ, ನಿಮ್ಮ ತಲಿ!" ಎಂದು ಕಿರುಚುತ್ತಿದ್ದಳು. ಅವನು "ಹಂಗಾದ್ರ ಛಲೋ ಆತು," ಎಂದು ತಿನ್ನುತ್ತಿದ್ದ.

ಇಷ್ಟರಲ್ಲಿ ಅನಿಲನ ಮದುವೆ ಗೊತ್ತಾಯಿತು. ಹುಡುಗಿ ಶೀತಲ್, ಅನಿಲನ ಆಫೀಸಿನವಳೇ. ಅವಳ ಅಪ್ಪ ಕಾಶಪ್ಪ ಕಲ್ಯಾಣದಲ್ಲಿ ಮನೆ ಮಾಡಿಕೊಂಡು ರಸ್ತೆ ಕೆಲಸಕ್ಕೆ ಆಳು ಕೊಡುವ ಮುಕಾದಮ. ಎರಡೂ ಮನೆತನದ್ದು ಒಂದೇ ಜಾತಿ, ಒಂದೇ ದೇವರು. ಕುರ್ಲಾದ ಸುದ್ದಿ ಕಲ್ಯಾಣಕ್ಕೆ ಮುಟ್ಟಿರಲಿಲ್ಲ. ಮಾತುಕತೆಗೆ ಬಂದಾಗ ಕಾಶಪ್ಪ ವರದಕ್ಷಿಣೆಯ ಮಾತೆತ್ತುವ ಮೊದಲೇ ಇನ್ನೊಂದು ಮಾತು ಹೇಳಿದ.

"ಚಂಪಾ ಷಷ್ಠಿಗೆ ನಾನೂ ನನ್ನ ತಮ್ಮನೂ ನಿಮ್ಮಲ್ಲಿ ಬರತೀವಿ. ಎರಡೂ ಮನಿ ಕೂಡಿ ತಳಿಗಿ ಎತ್ತೋಣು. ಆಮ್ಯಾಲ ಲಗ್ನದ ಕಾರ್ಡ ಹಂಚೂದು."

ತಳಿಗೆ ಎತ್ತುವುದೆಂದರೆ ತಾಟಿನಲ್ಲಿ ಭಂಡಾರ, ಕೊಬ್ಬರಿ ಇಟ್ಟು ಐದು ಮಂದಿ ಗಂಡಸರು ಸುತ್ತ ಕೂತು, ಏಳುಕೋಟಿ ಎಂದು ಕೂಗುತ್ತ ಎಲ್ಲರೂ ಒಮ್ಮೆಲೆ ಎತ್ತುವುದು. ಮೊದಲ ಕೈ ಮನೆಯ ಹಿರಿಯನದು. ಆ ಕೈ ಹತ್ತದೆ ತಾಟು ಏಳುವಂತಿಲ್ಲ.

ಕಾಶಪ್ಪ ಹೋದ ಮೇಲೆ ಮನೆಯ ನಾಲ್ಕೂ ಮಂದಿ ಖಂಡಪ್ಪನ ಸುತ್ತ ಕೂತರು.

"ಒಂದ ದಿನ," ಎಂದ ಈಶ್ವರ. "ಒಂದ ನಿಮಿಷ. ಕೈ ಹಚ್ಚು, ಬಿಡು. ಆಮ್ಯಾಲ ನೀ ಯಾವ ಹಳ್ಳಕರ ಬೀಳು."

"ಹಚ್ಚಂಗಿಲ್ಲ."

"ಪಪ್ಪಾ, ಪ್ಲೀಸ್," ಎಂದ ಅನಿಲ. "ಸಿರ್ಫ್ ದಿಖಾನೇ ಕೇ ಲಿಯೇ. ಒಳಗ ನಿಂದು ಏನ ಐತಿ ಅದು ಇರಲಿ ನಾ."

"ತೋರಿಸಾಕ ಅಷ್ಟ ಮಾಡೂದಾದ್ರ ಅದು ನಿಮ್ಮ ದೇವರಿಗೂ ಮೋಸ, ನನ್ನ ದೇವರಿಗೂ ಮೋಸ. ನೀ ಲಗ್ನ ಆಗೋ ಮಗನ, ನಿನ್ನ ತಲಿಗೆ ಪಟಗಾ ನಾನ ಸುತ್ತತೀನಿ. ಅದಕ್ಕೇನೂ ಅಡ್ಡಿ ಇಲ್ಲ. ತಳಿಗಿ ಒಂದ ಬ್ಯಾಡ."

ಪಟಗಾ ಸುತ್ತುವುದರಲ್ಲಿ ಖಂಡಪ್ಪನ ಕೈ ಮೀರಿಸುವವರಿರಲಿಲ್ಲ. ಕುಡಿದು ತೂರಾಡುವ ದಿನಗಳಲ್ಲೂ ಊರಿನವರ ಮದುವೆ ಎಲ್ಲೇ ಇರಲಿ, ಹನ್ನೊಂದು ಮೊಳದ ಜರದ ಬಟ್ಟೆ ಹಿಡಿದು ಖಂಡಪ್ಪನನ್ನು ಹುಡುಕಿಕೊಂಡು ಬರುತ್ತಿದ್ದರು. ಅವನು ಸುತ್ತಿದ ಪಟಗಾ ಮದುಮಗ ಬಿಚ್ಚುವವರೆಗೆ ಅಲುಗುತ್ತಿರಲಿಲ್ಲ.

"ಅವತ್ತೊಂದ ದಿನಾ ಎಲ್ಲೆರ ಹೋಗಿ ಬಿಡ್ರಿ," ಎಂದಳು ಶೈಲಾ.

"ಹೋಗತೀನಿ. ಆದ್ರ ಬೀಗರು ಎಲ್ಲಿ ಹೋಗ್ಯಾರಂತ ಕೇಳಿದ್ರ ಏನ ಹೇಳ್ತೀರಿ?"

 ಮದುವೆಗೆ ಮುಂಚಿನ ಷಷ್ಠಿಗೆ ಮನೆಯ ಹಿರಿಯ ಇಲ್ಲವೆಂದರೆ ಕಾಶಪ್ಪ ಸುಮ್ಮನಿರುವವನಲ್ಲ. ಈಶ್ವರನಿಗೆ ಸಿಟ್ಟು ನೆತ್ತಿಗೇರಿ, ಟ್ರಂಕಿನ ಮೇಲಿದ್ದ ಅಪ್ಪನ ಕನ್ನಡ ಬೈಬಲ್ಲು ಸತ್ಯವೇದವನ್ನು ಎತ್ತಿ ಗ್ಯಾಲರಿಯಿಂದ ಕೆಳಕ್ಕೆ ಒಗೆದ. ಅದು ನಳದ ಕಟ್ಟೆಯ ಕೆಸರಿನಲ್ಲಿ ಬಿತ್ತು. ಖಂಡಪ್ಪ ಇಳಿದು ಹೋಗಿ ತಂದ, ಒರೆಸಿದ, ಹಗ್ಗದ ಮೇಲೆ ಮಗನ ಅಂಗಿಯ ಪಕ್ಕದಲ್ಲಿ ಹಾಳೆ ಬಿಚ್ಚಿ ಒಣಹಾಕಿದ. ಓದು ಬಲ್ಲವನೇನಲ್ಲ. ಹಳ್ಳಿಯ ಶಾಲೆಯಲ್ಲಿ ನಾಲ್ಕನೇ ಇಯತ್ತೆ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದ. ಒಣಗಿದ ಮೇಲೆ ಆ ಪುಸ್ತಕ ಉಬ್ಬಿ ಎರಡರಷ್ಟಾಯಿತು, ಮುಚ್ಚಿದರೂ ಮುಚ್ಚಿಕೊಳ್ಳುತ್ತಿರಲಿಲ್ಲ.

ಷಷ್ಠಿಯ ಬೆಳಗ್ಗೆ ಇಂದ್ರಾಬಾಯಿ ಅವನ ಹಳೆಯ ಧೋತರ ಹರಿದು ಪಟ್ಟಿ ಮಾಡಿಕೊಂಡು ಬಂದು ಅವನೆದುರು ಕೂತಳು.

"ಬಲಗೈ ಕೊಡ್ರಿ."

"ಯಾಕ?"

"ಸೈಟಿನ್ಯಾಗ ಕಬ್ಬಿಣದ ಸಳಿ ಬಡದೈತಿ ಅಂತ ಹೇಳತೀನಿ. ನೀವೇನೂ ಹೇಳಬ್ಯಾಡ್ರಿ. ಕೈ ಕೊಟ್ಟು ಸುಮ್ಮನ ಕುಂಡ್ರಿ. ತಳಿಗಿಗೆ ಬಾಜೂಕಿನ ಸಂತು ಬರತಾನ."

ಖಂಡಪ್ಪ ಕೈ ಹಿಂದಕ್ಕೆಳೆದುಕೊಂಡ. ಅವಳು ಅವನ ಎರಡೂ ಪಾದ ಹಿಡಿದಳು. ಮೂವತ್ತು ವರ್ಷದಲ್ಲಿ ಹೊಡೆತ ತಿನ್ನುವಾಗಲೂ ಅವಳು ಕಾಲು ಹಿಡಿದಿರಲಿಲ್ಲ.

"ಹುಡುಗನ ಮುಖಾ ನೋಡ್ರಿ. ಆ ಹುಡುಗಿ ಬಿಟ್ಟು ಅವಗ ಯಾರೂ ಬ್ಯಾಡ. ಇದನ್ನೊಂದು ಮಾಡ್ರಿ, ಇನ್ನ ಸಾಯೂತನಕ ನಿಮ್ಮ ಸ್ವಾಮಿ ಬಗ್ಗೆ ನಾ ಒಂದ ಮಾತು ಅನ್ನಂಗಿಲ್ಲ."

ಕೊನೆಗೆ ಅವನು ಕೈ ಚಾಚಿದ. ಅವಳು ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಬಿಗಿಯಾಗಿ ಸುತ್ತಿ ಗಂಟು ಹಾಕಿದಳು. ಕಣ್ಣಿಗೆ ಕಾಣಲಿ ಎಂದು ಒಂದಿಷ್ಟು ಕೆಂಪು ಔಷಧಿಯನ್ನೂ ಹಚ್ಚಿದಳು.

ಹನ್ನೊಂದಕ್ಕೆ ಕಾಶಪ್ಪ ತಮ್ಮನ ಜೊತೆ ಬಂದ. ಖೋಲಿಯ ತುಂಬ ಸಜ್ಜೆ ರೊಟ್ಟಿ, ಸುಟ್ಟ ಬದನೆಕಾಯಿಯ ಭರ್ತದ ವಾಸನೆ. ಚಾತುರ್ಮಾಸ ಪೂರ್ತಿ ಬದನೆ ಉಳ್ಳಾಗಡ್ಡಿ ಬಿಟ್ಟವರು ಇವತ್ತು ದೇವರಿಗೆ ತೋರಿಸಿ ತಿನ್ನಬೇಕು. ಕಾಶಪ್ಪನ ಕಣ್ಣು ಮೊದಲು ಬಿದ್ದದ್ದು ಪಟ್ಟಿಯ ಮೇಲೆ.

"ಅಯ್ಯಯ್ಯ ಬೀಗ್ರ, ಏನಾತಿದು?"

"ಸೈಟಿನ್ಯಾಗ ಸಳಿ ಬಡೀತ್ರಿ," ಎಂದಳು ಇಂದ್ರಾಬಾಯಿ. "ಆರ ಹೊಲಿಗಿ ಹಾಕ್ಯಾರ. ತಳಿಗಿಗೆ ಇವರ ಬದ್ಲಿ ಸಂತು ಕುಂಡ್ರತಾನ."

"ಬ್ಯಾಡ ಬ್ಯಾಡ. ಮನೀ ಹಿರೇರು ಇರೂವಾಗ ಮಂದಿ ಯಾಕ?" ಕಾಶಪ್ಪ ಖಂಡಪ್ಪನ ಮಗ್ಗುಲಲ್ಲೇ ಕೂತುಬಿಟ್ಟ. ಒರಟು ಮನುಷ್ಯನಾದರೂ ಅವತ್ತು ಅವನ ಮಾತು ಮೆತ್ತಗಿತ್ತು. "ನಾನೂ ಕಲ್ಲು ಹೊತ್ತು ಬೆಳದಾಂವ ಬೀಗ್ರ, ಕೈ ನೋವು ಗೊತ್ತೈತಿ ನನಗ. ರಾತ್ರಿ ನಿದ್ದಿ ಬಂತೋ ಇಲ್ಲೋ? ಎತ್ತೂದು ಬ್ಯಾಡ್ರಿ, ಬೆರಳ ತುದಿ ಹಚ್ಚಿದ್ರ ಸಾಕು, ಭಾರ ನಾ ಹಿಡೀತೀನಿ. ಇಲ್ಲಿ ಕೊಡ್ರಿ, ಮೊದಲ ಭಂಡಾರ ಹಚ್ಚತೀನಿ, ವಾಸಿ ಆಗತೈತಿ." ಎಂದವನೇ ತಾಟಿನಿಂದ ಒಂದು ಮುಷ್ಟಿ ಭಂಡಾರ ತೆಗೆದುಕೊಂಡು, ಹಸುಗೂಸಿನ ಕೈ ಹಿಡಿದಂತೆ ಖಂಡಪ್ಪನ ಕೈ ಹಿಡಿದ.

ಇಂದ್ರಾಬಾಯಿ ಗಂಡನ ಮುಖ ನೋಡಿದಳು. ನೋಡಿದ ಕೂಡಲೆ ಅವಳಿಗೆ ಗೊತ್ತಾಗಿಹೋಯಿತು.

ಖಂಡಪ್ಪ ಕೈ ಬಿಡಿಸಿಕೊಂಡ. ಗಂಟಿಗೆ ಹಲ್ಲು ಹಚ್ಚಿ ಎಳೆದ. ಒಂದು ಸುತ್ತು, ಎರಡು ಸುತ್ತು, ಪಟ್ಟಿ ಸಡಿಲಾಗಿ ಮಡಿಲಿಗೆ ಬಿತ್ತು. ಕೆಂಪು ಔಷಧಿಯ ಕಲೆಯ ಕೆಳಗೆ ಒಂದು ಗೀರೂ ಇಲ್ಲದ ಕೈ. ಅದನ್ನು ಎಲ್ಲರೆದುರು ಬಿಚ್ಚಿ ಹಿಡಿದ.

"ಕೈಗೇನೂ ಆಗಿಲ್ಲ ಬೀಗ್ರ. ನಾ ಏಸುಸ್ವಾಮಿಯವನಾಗೀನಿ. ತಳಿಗಿ ಮುಟ್ಟಂಗಿಲ್ಲ. ನಿಮ್ಮ ದೇವರಿಗೆ ಬೈಯಂಗಿಲ್ಲ, ನಿಮಗೂ ಏನೂ ಅನ್ನಂಗಿಲ್ಲ. ಸುಮ್ಮನಿರಬೇಕಂತನ ಕುಂತಿದ್ದೆ. ಆದ್ರ ನೀವು ಮರುಗಿ ಕೇಳಿದ್ರಿ. ಮರುಗಿ ಕೇಳಿದವರಿಗೆ ಸುಳ್ಳು ಕೈ ತೋರಿಸಾಕ ನನ್ನಿಂದ ಆಗಲಿಲ್ಲ."

ಕಾಶಪ್ಪನ ಮುಷ್ಟಿಯಲ್ಲಿ ಭಂಡಾರ ಹಾಗೇ ಇತ್ತು. ಅದನ್ನು ಮೆಲ್ಲಗೆ ತಾಟಿಗೆ ಸುರಿದ. ಎದ್ದ. "ಮನಿಗೆ ಕರದು ನಾಟಕಾ ತೋರಿಸಿದ್ರಿ ಅಲ್ಲ ತಂಗಿ," ಎಂದು ಅಂದದ್ದು ಇಂದ್ರಾಬಾಯಿಗೆ, ಖಂಡಪ್ಪನಿಗಲ್ಲ. ಭರ್ತ, ಸಜ್ಜೆ ರೊಟ್ಟಿ ಅಲ್ಲೇ ಉಳಿದವು. ಆ ವರ್ಷ ಆ ಮನೆಯಲ್ಲಿ ತಾಟು ಏಳಲಿಲ್ಲ.

ಅನಿಲ ಅತ್ತ. ಈಶ್ವರ ಅಪ್ಪನ ಅಂಗಿಯ ಕೊರಳು ಹಿಡಿದು ಗೋಡೆಗೆ ಒತ್ತಿದ. ಶೈಲಾ ಬಿಡಿಸದಿದ್ದರೆ ಕೈ ಮಾಡುತ್ತಿದ್ದನೇನೋ. "ಕುಡಕೊಂಡ ಸಾಯಬಾರದಿತ್ತೇನೋ ನೀ!" ಎಂದ. ಆ ಮಾತು ಇಂದ್ರಾಬಾಯಿಯ ಬಾಯಲ್ಲೂ ಇತ್ತು. ಮಗ ಮೊದಲು ಅಂದುಬಿಟ್ಟದ್ದರಿಂದ ಅವಳು ಅನ್ನಲಿಲ್ಲ.

ಮದುವೆ ಮುರಿಯಲಿಲ್ಲ. ಶೀತಲ್ ಮೂರು ದಿನ ಅನ್ನ ಬಿಟ್ಟು ಕೂತಳು. ಕಾಶಪ್ಪ ಫೋನಿನಲ್ಲಿ ಈಶ್ವರನಿಗೆ ಶರತ್ತು ಹೇಳಿದ. ಹುಡುಗನ ಅಪ್ಪ ಮಂಟಪದ ಕಡೆ ಸುಳಿಯಬಾರದು. ತಾಯಿ ತಂದೆಯ ಜಾಗದಲ್ಲಿ ಈಶ್ವರ ಶೈಲಾ ಕೂರಬೇಕು. ಯಾರು ಕೇಳಿದರೂ ಅಪ್ಪ ಊರಿನಲ್ಲಿ ಜ್ವರ ಬಂದು ಮಲಗಿದ್ದಾನೆ ಎನ್ನಬೇಕು.

"ಜ್ವರಾ ಅಂತ ನಾ ಹೇಳಂಗಿಲ್ಲ," ಎಂದ ಖಂಡಪ್ಪ. "ನೀವು ಹೇಳಕೋರಿ. ನಾ ಬರಂಗಿಲ್ಲ, ಅಷ್ಟ."

ಬಟ್ಟೆಯ ಗಂಟು, ಆ ಉಬ್ಬಿದ ಪುಸ್ತಕ ತೆಗೆದುಕೊಂಡು ಚೆಂಬೂರಿನ ಸೈಟಿಗೇ ಇರಲು ಹೋದ. ಹೋಗಬೇಡ ಎಂದು ಯಾರೂ ಅನ್ನಲಿಲ್ಲ. ಇಂದ್ರಾಬಾಯಿ ಜಿನೆಯವರೆಗೆ ಹೋಗಿ ನಿಂತಳು. ಅವನು ಎರಡು ಮೆಟ್ಟಿಲು ಇಳಿದು ತಿರುಗಿದ.

"ಲಗ್ನದಾಗ ಬುಂದಿ ಮಾಡಸ್ತಾರೇನು?"

"ಮಾಡಸ್ತಾರಂತ. ಬುಂದಿ, ಬದನಿಕಾಯಿ ಎಣಗಾಯಿ, ಅನ್ನ ಸಾರು."

"ಮಗನ ಲಗ್ನದ್ದು ಒಂದ ತುತ್ತ ನನಗೂ ತಗದಿಡು. ಎಡಿದಲ್ಲದ್ದು ಆದ್ರ."



ಎರಡು ವಾರ ಮನೆಯಲ್ಲಿ ತಾಟು ಮುಂದಿಟ್ಟರೆ ಆ ಮಾತು ಕೇಳುವವರಿಲ್ಲ. ಶೈಲಾ, "ಎಷ್ಟ ನಿವಾಂತ ಆಗೈತಿ ನೋಡ್ರಿ ಅತ್ತಿ," ಎಂದಳು. ಬೆಳಗ್ಗೆ ನಳಕ್ಕೆ ಏಳುವವರಿಲ್ಲದೆ ಡ್ರಮ್ಮು ಎರಡು ದಿನ ಅರ್ಧವೇ ಇತ್ತು. ಆಮೇಲೆ ಆ ಕೆಲಸವೂ ಇಂದ್ರಾಬಾಯಿಯ ಮೇಲೆ ಬಂತು.

ಮದುವೆ ಕಲ್ಯಾಣದ ಒಂದು ಹಾಲಿನಲ್ಲಿ. ನಾನೂರು ಮಂದಿ. ಬೆಳಗ್ಗೆಯಿಂದ ಇಂದ್ರಾಬಾಯಿ ಅದೊಂದೇ ಮಾತು ಹೇಳಿದಳು. "ಊರಾಗ ಅದಾರ್ರಿ, ಜ್ವರ." "ಜ್ವರಾರಿ, ಏಳಾಕ ಆಗವಲ್ದು." ಸೊಲ್ಲಾಪುರದಿಂದ ಬಂದ ಒಬ್ಬ ಮುದುಕ, "ಅಯ್ಯ, ಖಂಡಪ್ಪ ಇಲ್ಲಂದ್ರ ಹುಡುಗನ ಪಟಗಾ ಯಾರು ಸುತ್ತಿದ್ರು?" ಎಂದು ಕೇಳಿದ. ಯಾರೂ ಸುತ್ತಿರಲಿಲ್ಲ. ಅಂಗಡಿಯಿಂದ ಬಾಡಿಗೆಗೆ ತಂದ ಸಿದ್ಧ ಪೇಟಾ, ಅಳತೆಗೆ ದೊಡ್ಡದು. ಅನಿಲ ಬಗ್ಗಿದಾಗಲೆಲ್ಲ ಹುಬ್ಬಿನ ಮೇಲೆ ಜಾರುತ್ತಿತ್ತು. ಎಡಗೈಯಲ್ಲಿ ಅದನ್ನು ಹಿಡಿದುಕೊಂಡೇ ತಾಳಿ ಕಟ್ಟಿದ. ಈಶ್ವರ ಶೈಲಾ ಮಂಟಪದಲ್ಲಿ ಕೂತಿದ್ದರು. ಹೆತ್ತವಳು ಮೂರನೇ ಸಾಲಿನ ಕುರ್ಚಿಯಿಂದ ಅಕ್ಷತೆ ಎಸೆದಳು. ಅರ್ಧ ಮುಂದಿನವರ ತಲೆಯ ಮೇಲೆ ಬಿದ್ದವು.

ಅಕ್ಷತೆ ಮುಗಿದದ್ದೇ ಅವಳು ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು ಹಿಂದಿನ ಅಡಿಗೆಮನೆಗೆ ಹೋದಳು. ಹಂಡೆಗಳು ಸಾಲಾಗಿ ಇಳಿಸಿದ್ದವು. ಕಾಶಪ್ಪನ ಅಕ್ಕ ಬಾಳೆಎಲೆಯ ಮೇಲೆ ದೇವರ ಎಡೆ ಬಡಿಸಲು ಸೌಟು ತೊಳೆಯುತ್ತಿದ್ದಳು. ಸುತ್ತ ಹತ್ತಾರು ಹೆಂಗಸರು. ಇಂದ್ರಾಬಾಯಿ ಯಾರನ್ನೂ ಕೇಳದೆ ಬುಂದಿಯ ಪಾತೇಲಿಗೆ ಕೈ ಹಾಕಿ ಒಂದು ಬಟ್ಟಲು ತೆಗೆದಳು. ಎಣಗಾಯಿ ಎರಡು ತೆಗೆದಳು. ಅನ್ನಕ್ಕೆ ಸೌಟು ಹಾಕುವಾಗ ಕಾಶಪ್ಪನ ಅಕ್ಕ ಅವಳ ಮುಂಗೈ ಹಿಡಿದಳು.

"ಏನ ಮಾಡಾಕತ್ತೀ? ಇನ್ನ ಎಡಿ ತೋರಿಸಿಲ್ಲ!"

"ಅದಕ್ಕ ಈಗ ತಗ್ಯಾಕತ್ತೀನ್ರಿ."

"ದೇವರು ಉಣ್ಣೂಕಿಂತ ಮೊದಲ ಯಾರಿಗೆ ಹಸದೈತಿ? ಕೂಸಿಗೇನು?"

ಕೂಸಿಗೆ ಎಂದಿದ್ದರೆ ಆ ಹೆಂಗಸು ಕೈ ಬಿಟ್ಟುಬಿಡುತ್ತಿದ್ದಳು. ಆ ಮಾತು ಇಂದ್ರಾಬಾಯಿಯ ನಾಲಿಗೆಯ ತುದಿಯವರೆಗೂ ಬಂತು. ಬೆಳಗ್ಗೆಯಿಂದ ಅಷ್ಟು ಸುಳ್ಳು ಹೇಳಿದವಳಿಗೆ ಇನ್ನೊಂದು ಭಾರವಲ್ಲ. ಆದರೆ ಎಲ್ಲಿಂದ ಬಂತೋ ಸಿಟ್ಟು, ಗಂಡನ ಮೇಲೋ, ಹೆತ್ತವಳನ್ನು ಮೂರನೇ ಸಾಲಿಗೆ ಕೂರಿಸಿದವರ ಮೇಲೋ. ಕೈ ಕೊಡವಿಕೊಂಡಳು.

"ನನ್ನ ಗಂಡಗ. ಊರಾಗ ಇಲ್ಲ, ಜ್ವರಾನೂ ಇಲ್ಲ. ಇಲ್ಲೇ ಚೆಂಬೂರಿನ್ಯಾಗ ಅದಾನ. ಅಂವ ಏಸುನವ ಆಗ್ಯಾನ. ಎಡಿದು ತಿನ್ನಂಗಿಲ್ಲ."

 ಅಡಿಗೆಮನೆಯಲ್ಲಿ ಒಮ್ಮೆಲೆ ಎಲ್ಲರೂ ಮಾತಾಡತೊಡಗಿದರು. ಕಾಶಪ್ಪನ ಅಕ್ಕ ಸೌಟು ಒಗೆದು, "ಕಿರಸ್ತಾನಗ ತಗದು ಉಳಿದದ್ದು ದೇವರಿಗೆ ಹಾಕಬೇಕ? ಚೆಲ್ರಿ ಇದನ್ನ!" ಎಂದು ಬೊಬ್ಬೆ ಹಾಕಿದಳು. ಸುದ್ದಿ ಹಾಲಿನ ಆ ತುದಿಗೆ ಮುಟ್ಟಲು ಎಷ್ಟು ಹೊತ್ತು ಬೇಕು? ಕಾಶಪ್ಪ ಬಂದ, ಈಶ್ವರ ಬಂದ. ಕೊನೆಗೆ ಜಾರುವ ಪೇಟಾ ಹಿಡಿದುಕೊಂಡು ಅನಿಲ ಬಂದ. ಅವನು ಕಿರುಚಲಿಲ್ಲ.

"ಯವ್ವಾ, ನೀ ಭೀ?" ಎಂದ. "ಆಜ್ ಕೇ ದಿನ್?"

"ಅನಿಲ, ಒಂದ ತುತ್ತ ಕೇಳಿದ್ದರೋ ಅವರು..."

"ಜಾ. ಅವರ ಹತ್ರನ ಹೋಗಿ ಇರು. ನನ್ನ ಮನೀಗೆ ಬರಬ್ಯಾಡ."

ದೇವರಿಗೆ ಬೇರೆ ಅಡಿಗೆ ಹಚ್ಚಿದರು. ನಾನೂರು ಮಂದಿ ಮತ್ತೊಂದು ತಾಸು ಹಸಿದು ಕೂತರು. ಇಂದ್ರಾಬಾಯಿ ಡಬ್ಬಿಯ ಮುಚ್ಚಳ ಒತ್ತಿ, ಸೆರಗಿನಲ್ಲಿ ಸುತ್ತಿಕೊಂಡು ಹಾಲಿನ ನಡುವಿನಿಂದಲೇ ಹೊರಟಳು. ಹಿಂದಿನ ಬಾಗಿಲು ಇತ್ತು. ಅವಳಿಗೆ ಹೊಳೆಯಲಿಲ್ಲ.

ಕಲ್ಯಾಣದಿಂದ ಕುರ್ಲಾ, ಕುರ್ಲಾದಲ್ಲಿ ಇಳಿದು ಹಾರ್ಬರ್ ಲೈನಿನ ಇನ್ನೊಂದು ಲೋಕಲ್. ಜರತಾರಿ ಸೀರೆ ಉಟ್ಟು ಡಬ್ಬಿ ಅಪ್ಪಿಕೊಂಡು ಕೂತ ಹೆಂಗಸಿಗೆ ಒಬ್ಬಳು, "ಶಾದೀ ಥೀ ಕ್ಯಾ ಮೌಸೀ?" ಎಂದು ಕೇಳಿದಳು. ಹೂಂ ಎಂದಳು.

ಖಂಡಪ್ಪ ಸೈಟಿನ ತಗಡಿನ ಪತ್ರಾ ಶೆಡ್ಡಿನೆದುರು ಸಿಮೆಂಟಿನ ಖಾಲಿ ಚೀಲ ಮಡಚಿ ಅಟ್ಟಿ ಹಾಕುತ್ತಿದ್ದ. ನಾಲ್ಕು ಗಂಟೆಯಾಗಿತ್ತು. ಅವಳನ್ನು ಕಂಡು ಗಾಬರಿಯಾದ.

"ಯಾಕ? ಇಷ್ಟ ಲಗೂ? ಲಗ್ನ ಆತಿಲ್ಲೋ?"

"ಆತು. ತಗೋರಿ, ಉಣ್ರಿ."

ಅವನು ಕೈ ತೊಳೆದು ಬಂದು ಚೀಲದ ಮೇಲೆ ಕೂತ. ಡಬ್ಬಿ ಬಿಚ್ಚಿ ಬುಂದಿ ನೋಡಿದ. ಮುಖ ಅರಳಿತು. ಬೆರಳು ತಗ್ಗಿಸಿದವನು ಅಲ್ಲೇ ನಿಲ್ಲಿಸಿದ. ರೂಢಿ ಎಲ್ಲಿ ಬಿಡುತ್ತದೆ.

"ಎಡಿದಲ್ಲಲಾ?"

"ಅಲ್ಲ."

ಅವನು ಅವಳ ಮುಖ ನೋಡಿದ. ಝುಣಕದ ನಾಲ್ಕು ವಾರ ಅವನ ಕಣ್ಣಲ್ಲಿ ಇನ್ನೂ ಇದ್ದವು.

"ಖರೇನ?"

ಇಂದ್ರಾಬಾಯಿ ಮರಳಿನ ಗುಡ್ಡೆಯ ಮೇಲೆ ಕುಸಿದು ಕೂತಳು.

"ಕಲ್ಯಾಣಕ್ಕ ಹೋಗಿ ಕೇಳಕೊಂಡ ಬರ್ರಿ," ಎಂದಳು. "ನಾಕನೂರ ಮಂದಿ ಹೇಳ್ತಾರ."

ಖಂಡಪ್ಪ ಕಣ್ಣು ಮುಚ್ಚಿ ತುಟಿ ಅಲುಗಿಸಿದ. ಈ ಸಲ ಬಹಳ ಹೊತ್ತು ಹಿಡಿಯಿತು. ಆಮೇಲೆ ಒಂದು ಹಿಡಿ ಬುಂದಿ ಬಾಯಿಗೆ ಹಾಕಿಕೊಂಡ. ಅಗಿಯುತ್ತ ಕೇಳಿದ.

"ಪಟಗಾ ಹೆಂಗ ಕುಂತಿತ್ತು ಅನಿಲಂದು?"

ಅವಳು ಆಚೆ ಮುಖ ಮಾಡಿದಳು. ಛಲೋ ಕೂತಿತ್ತು ಎನ್ನಬಹುದಿತ್ತು.

"ಜಾರತಿತ್ತು," ಎಂದಳು.

ಅವನ ದವಡೆ ನಿಂತಿತು. ಬಾಯಲ್ಲಿದ್ದದ್ದನ್ನು ನುಂಗಲೂ ಇಲ್ಲ, ಉಗಿಯಲೂ ಇಲ್ಲ. ಡಬ್ಬಿ ತೊಡೆಯ ಮೇಲೆ ಹಿಡಿದುಕೊಂಡು, ಏನೂ ಆಗಿರದ ಆ ಬಲಗೈಯನ್ನೇ ನೋಡುತ್ತ ಕೂತ.